ಗೇಮ್ ತಡವರಿಸಿದರೆ ತಪ್ಪು ಗೇಮ್‌ದಾ, ನಮ್ಮ ಮನೆದಾ? ರಿವ್ಯೂ ಬರೆಯೋ ಮುಂಚೆ ಪತ್ತೆ ಮಾಡೋದು ಹೇಗೆ?

ಚಿಂತಾಮಣಿ_ಪ್ಯಾಡ್:

ಎಲ್ಲರಿಗೂ ನಮಸ್ಕಾರ. ಸೋನಿ ಪ್ಲೇಸ್ಟೇಷನ್ 5 (ಪಿಎಸ್5) ಗೇಮ್‌ಗಳ ರಿವ್ಯೂ ಕನ್ನಡದಲ್ಲಿ ಬರೀಬೇಕು ಅಂತಿದ್ದೀನಿ. ಕಥೆ, ಫೈಟಿಂಗ್, ಮ್ಯೂಸಿಕ್ ಬಗ್ಗೆ ಹೇಗೋ ಬರೀಬಹುದು. ಸಿಕ್ಕಿಹಾಕ್ಕೊಳ್ಳೋದು ಪರ್ಫಾರ್ಮೆನ್ಸ್ ಹತ್ರ. "ಗೇಮ್ ತಡವರಿಸುತ್ತೆ, ಕ್ರ್ಯಾಶ್ ಆಗುತ್ತೆ" ಅಂತ ಬರೆದಮೇಲೆ ಅದು ನಮ್ಮನೆ ವೈರಿಂಗ್ ಸಮಸ್ಯೆ ಅಂತ ಗೊತ್ತಾದ್ರೆ ಮರ್ಯಾದೆ ಹೋಗುತ್ತೆ.

ಸೆಟಪ್ ಇದು: ಮೊದಲನೇ ಡಿಸೈನಿನ ದಪ್ಪ ಪಿಎಸ್5, ಡಿಸ್ಕ್ ಇರೋದು. 43 ಇಂಚಿನ 4ಕೆ ಟಿವಿ, 60 ಹರ್ಟ್ಜ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸೋದು). 900 ವಿಎ ಸೈನ್‌ವೇವ್ ಇನ್ವರ್ಟರ್, 150 ಎಎಚ್ ಬ್ಯಾಟರಿ. ಊರು ಚಿಂತಾಮಣಿ ಪಕ್ಕ. ಸಂಜೆ ವೋಲ್ಟೇಜ್ 170ರ ಆಸುಪಾಸು. ಮುಂದಿನ ರಸ್ತೆಯಲ್ಲಿ ಜಲ್ಲಿ ಲಾರಿ ಓಡಾಡೋದ್ರಿಂದ ಧೂಳಿಗೆ ಬರ ಇಲ್ಲ.

ಲಕ್ಷಣ ಮೂರು. ಆಟದ ಮಧ್ಯೆ ಕನ್ಸೋಲ್ ಒಮ್ಮೊಮ್ಮೆ ಪಕ್ಕನೆ ಆಫ್ ಆಗುತ್ತೆ. ಚಿತ್ರದ ಅಂದಕ್ಕಿಂತ ನುಣುಪಿಗೆ ಒತ್ತು ಕೊಡೋ ಪರ್ಫಾರ್ಮೆನ್ಸ್ ಮೋಡ್‌ನಲ್ಲೂ ಅಲ್ಲಲ್ಲಿ ಎಳೆದಂಗಾಗುತ್ತೆ. ಕ್ಯಾಮೆರಾ ತಾನಾಗೇ ಎಡಕ್ಕೆ ಜಾರುತ್ತೆ. ಇದ್ರಲ್ಲಿ ಯಾವುದು ಗೇಮ್‌ದು, ಯಾವುದು ನಮ್ದು? ಕ್ಯಾಪ್ಚರ್ ಕಾರ್ಡ್ (ಕನ್ಸೋಲ್‌ನ ಚಿತ್ರ ರೆಕಾರ್ಡ್ ಮಾಡೋ ಸಾಧನ) ತಗೊಳ್ಳೋ ಬಜೆಟ್ ಇಲ್ಲ.

ಶಿರಾಗೇಟ್_ವೋಲ್ಟ್:

ಮೊದಲು ಆಫ್ ಆಗೋ ವಿಚಾರ. ಮತ್ತೆ ಆನ್ ಮಾಡಿದಾಗ ಪರದೆ ಮೇಲೆ ಏನು ಬರುತ್ತೆ ನೋಡಿ. ಕನ್ಸೋಲ್ ಸರಿಯಾಗಿ ಆಫ್ ಆಗಿರಲಿಲ್ಲ ಅಂತ ಹೇಳಿ ಸ್ಟೋರೇಜ್ ರಿಪೇರಿಗೆ ಕೂತ್ಕೊಂಡ್ರೆ ಪವರ್ ಕಟ್ ಆಗಿತ್ತು ಅಂತ ಅರ್ಥ. ಕನ್ಸೋಲ್ ಆನ್ ಆಗೇ ಇದ್ದು, ಗೇಮ್ ಮಾತ್ರ ಮುಚ್ಚಿಕೊಂಡು ಸಿಇ-108255-1 ಅನ್ನೋ ಕೋಡ್ ಬಂದ್ರೆ ಅದು ಗೇಮ್ ಕ್ರ್ಯಾಶ್. ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ.

ನಿಮ್ದು ಪವರ್ ಅಂತಲೇ ನನ್ನ ಅಂದಾಜು. ಪಿಎಸ್5 100ರಿಂದ 240 ವೋಲ್ಟ್‌ವರೆಗೂ ತಗೊಳ್ಳುತ್ತೆ, 170 ಇದ್ರೂ ಅದಕ್ಕೇನೂ ಆಗಲ್ಲ. ತೊಂದ್ರೆ ಕೊಡೋದು ಕರೆಂಟಿಂದ ಬ್ಯಾಟರಿಗೆ ಹಾರೋ ಆ ಒಂದು ಕ್ಷಣ. ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್, ನಾರ್ಮಲ್ ಅಂತ ಒಂದು ಸ್ವಿಚ್ ಇರುತ್ತೆ, ಕೆಲವದರಲ್ಲಿ ನಾರ್ಮಲ್ ಬದಲು ಇಕೋ ಅಂತ ಬರೆದಿರುತ್ತೆ. ನಾರ್ಮಲ್‌ನಲ್ಲಿ ಹಾರೋಕೆ ಸುಮಾರು 40 ಮಿಲಿಸೆಕೆಂಡ್ ಬೇಕು, ಯುಪಿಎಸ್‌ನಲ್ಲಿ 10ರ ಹತ್ತಿರ. ಇಂಥ ಪವರ್ ಸಪ್ಲೈಗಳು ಸಾಮಾನ್ಯವಾಗಿ ತಡೆಯೋದು 20 ಮಿಲಿಸೆಕೆಂಡ್ ಆಸುಪಾಸು. ಫ್ಯಾನು, ಲೈಟಿಗೆ 40 ಗೊತ್ತೇ ಆಗಲ್ಲ. ಕನ್ಸೋಲ್‌ಗೆ ಗೊತ್ತಾಗುತ್ತೆ.

ಹಂಗಂತ ಸ್ವಿಚ್ ತಿರುಗಿಸಿ ಸುಮ್ಮನಾಗೋ ಹಾಗೂ ಇಲ್ಲ. ಯುಪಿಎಸ್ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದ್ರೆ ಇನ್ವರ್ಟರ್ ಕರೆಂಟ್ ಇದ್ರೂ ಇಲ್ಲ ಅಂದ್ಕೊಂಡು ಬ್ಯಾಟರಿಗೆ ಹೋಗುತ್ತೆ. ನಿಮ್ಮಲ್ಲಿ ಸಂಜೆಯಿಡೀ 170 ಅಂದ್ರೆ ಬ್ಯಾಟರಿ ಚಾರ್ಜೇ ಆಗದೆ ಬರಿದಾಗುತ್ತೆ. ಅದಕ್ಕೆ ಮನೆ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ. ಕನ್ಸೋಲ್‌ಗೆ ಮಾತ್ರ ಕಂಪ್ಯೂಟರ್ ಅಂಗಡಿಯಲ್ಲಿ ಸಿಗೋ 600 ವಿಎ, 360 ವ್ಯಾಟ್ ಯುಪಿಎಸ್ ಒಂದು ಹಾಕಿ. ದಪ್ಪ ಪಿಎಸ್5 ಆಟದಲ್ಲಿ ತಗೊಳ್ಳೋದು 200 ವ್ಯಾಟ್ ಸುತ್ತಮುತ್ತ. ಆ ಯುಪಿಎಸ್ ಐದಾರು ನಿಮಿಷ ಹೊತ್ತರೆ ಸಾಕು, ಅದರ ಕೆಲಸ ಆ 40 ಮಿಲಿಸೆಕೆಂಡ್ ಮುಚ್ಚೋದಷ್ಟೇ. ಟಿವಿಯನ್ನ ಅದಕ್ಕೆ ಸಿಗಿಸಬೇಡಿ, ಟಿವಿ ಮಿಣುಕಿದ್ರೆ ಸೇವ್ ಹಾಳಾಗಲ್ಲ.

ಕನ್ಸೋಲ್ ಮುಂದೆ ಸ್ಟೆಬಿಲೈಜರ್ ಬೇಡ. ಅದರ ರಿಲೇ ಟಕ್ ಅಂದಾಗಲೂ ಒಂದು ಸಣ್ಣ ಕಟ್ ಬರುತ್ತೆ.

ಗೌರಿಬಿದನೂರು_ಜಲ್ಲಿ:

ಗುರು, ಎಳೆದಂಗಾಗೋದಕ್ಕೆ ಧೂಳೇ ಕಾರಣ. ಬಿಸಿ ಹೆಚ್ಚಾದ್ರೆ ಕ್ಲಾಕ್ (ಚಿಪ್ ಓಡೋ ವೇಗ) ಇಳಿಯುತ್ತೆ, ಫ್ರೇಮ್ (ಪರದೆಗೆ ಬರೋ ಒಂದೊಂದು ಚಿತ್ರ) ಬೀಳುತ್ತೆ. ಪವರ್ ಕೇಬಲ್ ಕಿತ್ತು, ಎರಡೂ ಬಿಳಿ ಪ್ಲೇಟ್ ತೆಗಿ. ಫ್ಯಾನ್ ಕಾಣುತ್ತೆ, ಅಂಚಿನ ಹತ್ರ ಧೂಳು ಸೇರೋಕೆ ಅಂತಲೇ ಬಿಟ್ಟಿರೋ ಎರಡು ತೂತು ಇರುತ್ತೆ. ವ್ಯಾಕ್ಯೂಮ್ ಕಮ್ಮಿ ಸ್ಪೀಡಲ್ಲಿಟ್ಟು ಆ ತೂತಿಂದ ಎಳಿ. ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡ್ಕೊ, ತಿರುಗೋಕೆ ಬಿಡಬೇಡ. ಬ್ಲೋವರ್ ಹಾಕಿದ್ರೆ ಧೂಳು ಇನ್ನೂ ಒಳಗೆ ಹೋಗಿ ಹೀಟ್‌ಸಿಂಕ್ ರೆಕ್ಕೆಗಳ ಮಧ್ಯೆ ಕೂರುತ್ತೆ. ಜಲ್ಲಿ ಧೂಳು ಇರೋ ಕಡೆ ಎರಡು ತಿಂಗಳಿಗೊಂದ್ಸಲ ಮಾಡ್ಲೇಬೇಕು. ಗೋಡೆಯಿಂದ 10 ಸೆಂಟಿಮೀಟರ್ ದೂರ ಇಡು, ಶೋಕೇಸ್ ಗಾಜಿನೊಳಗೆ ಬೇಡ.

ತುಮಕೂರು_16.7:

ಕ್ಲೀನ್ ಮಾಡೋ ವಿಧಾನ ಸರಿಯಾಗಿದೆ, ಕಾರಣ ಮಾತ್ರ ಪಿಎಸ್5ಗೆ ಹೊಂದಲ್ಲ. ಫೋನು, ಲ್ಯಾಪ್‌ಟಾಪ್ ಬಿಸಿಯಾದ್ರೆ ನಿಧಾನ ಆಗ್ತವೆ, ನಿಜ. ಪಿಎಸ್5ನಲ್ಲಿ ಸಿಪಿಯು 3.5 ಗಿಗಾಹರ್ಟ್ಜ್, ಜಿಪಿಯು 2.23 ಗಿಗಾಹರ್ಟ್ಜ್‌ವರೆಗೆ ಹೋಗುತ್ತೆ. ಅದು ಏರಿಳಿಯೋದು ಗೇಮ್ ಎಷ್ಟು ಕೆಲಸ ಕೊಡ್ತಿದೆ ಅನ್ನೋದರ ಮೇಲೆ, ಚಿಪ್ ಎಷ್ಟು ಬಿಸಿಯಾಗಿದೆ ಅನ್ನೋದರ ಮೇಲಲ್ಲ. ವಿನ್ಯಾಸ ಮಾಡಿದ ಮಾರ್ಕ್ ಸೆರ್ನಿ 2020ರ ಮಾರ್ಚ್‌ನಲ್ಲೇ ಇದನ್ನ ಬಿಡಿಸಿ ಹೇಳಿದ್ದರು: ಒಂದೇ ಗೇಮ್ ತಂಪಾದ ರೂಮಲ್ಲೂ ಸೆಕೆ ರೂಮಲ್ಲೂ ಒಂದೇ ಥರ ಓಡಬೇಕು ಅಂತಲೇ ಹಾಗೆ ಮಾಡಿದ್ದು. ಬಿಸಿ ಹೆಚ್ಚಾದ್ರೆ ಫ್ಯಾನ್ ಕೂಗುತ್ತೆ, ಮಿತಿ ದಾಟಿದ್ರೆ ತುಂಬಾ ಬಿಸಿಯಾಗಿದೆ ಅನ್ನೋ ಎಚ್ಚರಿಕೆ ಬರುತ್ತೆ, ಆಫ್ ಆಗುತ್ತೆ. ಕಂಪನಿ ಹೇಳೋ ಮಿತಿ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯೊಳಗೆ ಅದು ಸುಲಭವಾಗಿ ದಾಟುತ್ತೆ. ಆದ್ರೆ ಫ್ರೇಮ್ ಬಿದ್ದಿದ್ದಕ್ಕೆ ಧೂಳನ್ನ ಬೈಯೋ ಹಾಗಿಲ್ಲ.

ಈಗ ಕಾರ್ಡ್ ಇಲ್ಲದೆ ಫ್ರೇಮ್ ಎಣಿಸೋದು. ಕನ್ಸೋಲ್ ತಾನೇ ರೆಕಾರ್ಡ್ ಮಾಡೋ ಕ್ಲಿಪ್ ಬಳಸಿ. ಸೆಟ್ಟಿಂಗ್ಸ್‌ನ ಕ್ಯಾಪ್ಚರ್ಸ್ ಭಾಗದಲ್ಲಿ ವಿಡಿಯೋ ಫಾರ್ಮ್ಯಾಟ್ ಎಂಪಿ4 ಮಾಡಿ, ಎಣಿಸೋಕೆ 1080ಪಿ ಧಾರಾಳ. ಎಳೆದಂಗಾದ ಜಾಗ ಬಂದ ತಕ್ಷಣ ಕ್ರಿಯೇಟ್ ಬಟನ್ ಒತ್ತಿ ಹಿಂದಿನ ಆಟ ಸೇವ್ ಮಾಡ್ಕೊಳ್ಳಿ. ಎಕ್ಸ್‌ಫ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಮೀಡಿಯಾ ಗ್ಯಾಲರಿಯಿಂದ ಕಾಪಿ ಮಾಡಿ, ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ತೆರೆದು ಪಾಜ್ ಮಾಡಿ, ಕೀಬೋರ್ಡಿನ ಇ ಒತ್ತಿ. ಒಂದು ಒತ್ತಿಗೆ ಒಂದು ಫ್ರೇಮ್ ಮುಂದೆ ಹೋಗುತ್ತೆ.

ಕ್ಲಿಪ್ ಸೆಕೆಂಡಿಗೆ 60 ಫ್ರೇಮ್‌ನದು. ಗೇಮ್ ನಿಜವಾಗಿ 60ರಲ್ಲಿದ್ರೆ ಪ್ರತಿ ಒತ್ತಿಗೂ ಚಿತ್ರ ಬದಲಾಗುತ್ತೆ. ಒಂದೇ ಚಿತ್ರ ಎರಡು ಸಲ ಬಂದ್ರೆ ಅಲ್ಲೊಂದು ಫ್ರೇಮ್ ಬಿತ್ತು ಅಂತ. 30ರ ಗೇಮ್‌ನಲ್ಲಿ ಪ್ರತಿ ಚಿತ್ರ ಎರಡೆರಡು ಸಲ ಬರೋದು ಸರಿ, ಮೂರು ಸಲ ಬಂದ್ರೆ ಬಿದ್ದಿದೆ. ಒಂದು, ಮೂರು, ಒಂದು, ಮೂರು ಅಂತ ಬರೋದೂ ಉಂಟು. ಸರಾಸರಿ ತೆಗೆದ್ರೆ ಪಕ್ಕಾ 30, ಕಣ್ಣಿಗೆ ಮಾತ್ರ ಕುಂಟಿದಂಗೆ. 2015ರ ಬ್ಲಡ್‌ಬೋರ್ನ್ ಮೇಲೆ ಇವತ್ತಿಗೂ ಇರೋ ದೂರು ಈ ಜಾತಿಯದೇ. ಹಾಗಾಗಿ ರಿವ್ಯೂನಲ್ಲಿ ಬರೀ ಸರಾಸರಿ ಬರೆದ್ರೆ ಓದೋರಿಗೆ ಉಪಯೋಗ ಇಲ್ಲ.

ಮುಖ್ಯ ವಿಷಯ ಈಗ ಹೇಳ್ತೀನಿ. ಈ ಕ್ಲಿಪ್ ಟಿವಿಗೆ ಹೋಗೋ ಮುಂಚೆ ಕನ್ಸೋಲ್ ಒಳಗೇ ತಯಾರಾಗಿರುತ್ತೆ. ಕ್ಲಿಪ್ ನುಣುಪಾಗಿದ್ದು ಟಿವಿಯಲ್ಲಿ ಮಾತ್ರ ಎಳೆದಂಗೆ ಕಂಡ್ರೆ ತಪ್ಪು ಟಿವಿದು. ಎರಡರಲ್ಲೂ ಕಂಡ್ರೆ ಗೇಮ್‌ದು. ಟಿವಿದು ಅಂತ ಬಂದ್ರೆ ಗೇಮ್ ಮೋಡ್ ಆನ್ ಮಾಡಿ, ಮೋಷನ್ ಸ್ಮೂದಿಂಗ್ ಯಾವ ಹೆಸರಲ್ಲಿದ್ರೂ ಆಫ್ ಮಾಡಿ. ಅದು ಎರಡು ಫ್ರೇಮ್ ನಡುವೆ ತನ್ನದೇ ಚಿತ್ರ ಹೆಣೆದು ತುರುಕುತ್ತೆ, ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಆಗೋದಕ್ಕೂ ನಡುವೆ ತಡ ಮಾಡುತ್ತೆ.

ಆ ತಡ ಅಳೆಯೋಕೆ ಫೋನ್ ಸಾಕು. 240 ಫ್ರೇಮ್ ಸ್ಲೋಮೋಷನ್‌ನಲ್ಲಿ ಹೆಬ್ಬೆರಳು, ಪರದೆ ಎರಡೂ ಕಾಣೋ ಹಾಗೆ ಹಿಡಿದು ಜಂಪ್ ಒತ್ತಿ. ಬಟನ್ ತಳ ಮುಟ್ಟಿದ ಫ್ರೇಮಿಂದ ಪಾತ್ರದ ಕಾಲು ಅಲುಗೋ ಫ್ರೇಮ್‌ವರೆಗೆ ಎಣಿಸಿ 4.2ರಿಂದ ಗುಣಿಸಿ, ಮಿಲಿಸೆಕೆಂಡ್ ಸಿಗುತ್ತೆ. ಹತ್ತು ಸಲ ಮಾಡಿ. 960 ಅಂತ ತೋರಿಸೋ ಫೋನ್‌ಗಳಲ್ಲಿ ಎಷ್ಟೋ ನಡುವೆ ಹೆಣೆದ ಸುಳ್ಳು ಫ್ರೇಮ್, 240ರಲ್ಲೇ ಇರಿ.

ಕೋಲಾರ_ಸೋಲ್ಡರ್:

ಕ್ಯಾಮೆರಾ ಎಡಕ್ಕೆ ಜಾರೋದು ಹತ್ತರಲ್ಲಿ ಒಂಬತ್ತು ಸಲ ಪ್ಯಾಡ್‌ದೇ ಸರ್. ಡ್ಯುಯಲ್‌ಸೆನ್ಸ್ (ಪಿಎಸ್5 ಜೊತೆ ಬರೋ ಪ್ಯಾಡ್) ಸ್ಟಿಕ್ ಒಳಗಿರೋದು ಪೊಟೆನ್ಷಿಯೋಮೀಟರ್. ಕಾರ್ಬನ್ ಪಟ್ಟಿ ಮೇಲೆ ಲೋಹದ ನಾಲಿಗೆ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತೆ, ಆ ಪುಡಿ ಜೊತೆ ಧೂಳೂ ಸೇರುತ್ತೆ. ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್ ಬ್ರೌಸರ್‌ನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಯಾವುದಾದ್ರೂ ತೆಗೀರಿ. ಸ್ಟಿಕ್ ಮುಟ್ಟದೆ ಇರುವಾಗ ಎಕ್ಸ್, ವೈ ಅಂಕಿ 0.05ರೊಳಗೆ ಇದ್ರೆ ಚಿಂತೆ ಇಲ್ಲ. 0.10 ದಾಟಿದ್ರೆ, ಅಥವಾ ಬಿಟ್ಟಾಗೆಲ್ಲ ಬೇರೆಬೇರೆ ಅಂಕಿಗೆ ಬಂದು ನಿಂತ್ರೆ ಸವೆದಿದೆ.

ರಿವ್ಯೂ ಮುಗಿಯೋ ತನಕ ತಳ್ಳೋಕೆ ಗೇಮ್‌ನ ಡೆಡ್‌ಜೋನ್ (ಸ್ಟಿಕ್ ಅಲುಗಿದ್ರೂ ಗೇಮ್ ಲೆಕ್ಕಕ್ಕೆ ತಗೊಳ್ಳದ ಜಾಗ) ಎರಡು ಮೂರು ಪಾಯಿಂಟ್ ಏರಿಸಿ. ಆದ್ರೆ ಗುರಿ ಹಿಡಿಯೋದು ಮೊಂಡಾಗುತ್ತೆ, ಅದನ್ನ ಗೇಮ್ ಮೇಲೆ ಹಾಕಬೇಡಿ.

ಬದಲಾಯಿಸೋದಾದ್ರೆ ಹಾಲ್ ಎಫೆಕ್ಟ್ ಅಥವಾ ಟಿಎಂಆರ್ ಮಾಡ್ಯೂಲ್ ಹಾಕಿಸಿ. ಅದು ಮ್ಯಾಗ್ನೆಟ್ ಮೇಲೆ ಓದುತ್ತೆ, ಉಜ್ಜೋದೇ ಇಲ್ಲ. ಒಂದು ಸ್ಟಿಕ್‌ಗೆ 14 ಕಾಲು, ಹದಿನಾಲ್ಕೂ ಬೋರ್ಡ್‌ಗೆ ಬೆಸುಗೆ. ಬೋರ್ಡ್ ಹಾಳಾಗೋದು ಗ್ರೌಂಡ್ ಕಾಲುಗಳಲ್ಲಿ. ಅಲ್ಲಿ ತಾಮ್ರ ಅಗಲವಾಗಿರೋದ್ರಿಂದ ಐರನ್ ಶಾಖವೆಲ್ಲ ಹೀರಿಕೊಳ್ಳುತ್ತೆ, ಸೀಸ ಮೇಲೆ ಕರಗಿದಂಗೆ ಕಂಡ್ರೂ ತೂತಿನೊಳಗೆ ಗಟ್ಟಿಯಾಗೇ ಇರುತ್ತೆ. ಆಗ ಎಳೆದ್ರೆ ಬೋರ್ಡಿನ ಮೇಲಿರೋ ತಾಮ್ರದ ಬಿಲ್ಲೆಯೇ ಕಿತ್ತು ಬರುತ್ತೆ. ಮೊದಲು ಫ್ಲಕ್ಸ್ ಹಚ್ಚಿ, ಹಳೇ ಬೆಸುಗೆಗೆ ಹೊಸ ಸೀಸ ಸೇರಿಸಿ, ಆಮೇಲೆ ಹೀರೋ ಪಂಪ್ ಇಡಬೇಕು. ಹೊಸದು ಕೂರಿಸಿದ್ಮೇಲೆ ಸೆಂಟರ್ ತಪ್ಪಿರುತ್ತೆ, ಬ್ರೌಸರ್‌ನಲ್ಲೇ ಕ್ಯಾಲಿಬ್ರೇಟ್ ಮಾಡೋ ಟೂಲ್ ಇದೆ. ಆ ಹೆಜ್ಜೆ ಬಿಟ್ಟು "ಹಾಲ್ ಎಫೆಕ್ಟ್ ಹಾಕಿದ್ರೂ ಜಾರುತ್ತೆ" ಅಂತ ಬರೋರೇ ಜಾಸ್ತಿ.

ಚಿಂತಾಮಣಿ_ಪ್ಯಾಡ್:

ತುಂಬಾ ಥ್ಯಾಂಕ್ಸ್. ಬಲಗಡೆ ಸ್ಟಿಕ್ ಎಕ್ಸ್ -0.13ಕ್ಕೆ ನಿಲ್ತಿದೆ, ಅಲ್ಲಿಗೆ ಅದು ಪ್ಯಾಡ್‌ದು. ಆಫ್ ಆದ್ಮೇಲೆ ಸ್ಟೋರೇಜ್ ರಿಪೇರಿನೇ ಬರ್ತಿರೋದು, ಅದು ಪವರ್. ಇನ್ನೊಂದು ಪ್ರಶ್ನೆ: ಕೆಲವು ಗೇಮ್‌ಗಳಲ್ಲಿ 40 ಫ್ರೇಮ್ ಮೋಡ್ ಇರುತ್ತಂತೆ, ನನ್ನ ಮೆನುವಿನಲ್ಲಿ ಕಾಣ್ತಿಲ್ಲ. ರಿವ್ಯೂ ಬರೆಯೋಕೆ 120 ಹರ್ಟ್ಜ್ ಟಿವಿ ಬೇಕೇ ಬೇಕಾ?

ತುಮಕೂರು_16.7:

60ನ್ನ 40ರಿಂದ ಭಾಗಿಸಿದ್ರೆ ಸಮ ಬರಲ್ಲ, 120 ಆದ್ರೆ ಮೂರು ಸಲಕ್ಕೆ ಸರಿಹೋಗುತ್ತೆ. ಅದಕ್ಕೇ 60 ಹರ್ಟ್ಜ್ ಟಿವಿಗೆ ಆ ಮೋಡ್ ಸಾಮಾನ್ಯವಾಗಿ ತೋರಿಸೋದೇ ಇಲ್ಲ. 2021ರಲ್ಲಿ ರ‍್ಯಾಚೆಟ್ ಅಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್‌ಗೆ ಬಂದಾಗ ಇದು ಹೆಸರು ಮಾಡ್ತು. 30ರಲ್ಲಿ ಒಂದು ಫ್ರೇಮ್‌ಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7, 40ರಲ್ಲಿ 25. ಸಮಯದ ಲೆಕ್ಕದಲ್ಲಿ 40 ಸರಿಯಾಗಿ ನಡುವೆ ಕೂರುತ್ತೆ, ಅದಕ್ಕೇ ಅಂಕಿ ಹೇಳೋದಕ್ಕಿಂತ ನುಣುಪು ಅನ್ನಿಸುತ್ತೆ.

ಟಿವಿ ಈಗಲೇ ಬೇಡ. ವಿಆರ್‌ಆರ್ (ಗೇಮ್‌ನ ಫ್ರೇಮ್ ವೇಗಕ್ಕೆ ತಕ್ಕ ಹಾಗೆ ಪರದೆ ವೇಗ ಬದಲಿಸೋದು) ಇರೋ ಟಿವಿ ಸಣ್ಣಪುಟ್ಟ ಫ್ರೇಮ್ ಬೀಳೋದನ್ನ ಕಣ್ಣಿಂದ ಮರೆಮಾಡುತ್ತೆ. ಪಿಎಸ್5ಗೆ ಅದು ಬಂದಿದ್ದು 2022ರ ಏಪ್ರಿಲ್‌ನಲ್ಲಿ, ಕೆಲಸ ಮಾಡೋದು 48ರಿಂದ 120 ಹರ್ಟ್ಜ್ ನಡುವೆ. ಓದೋರಲ್ಲಿ ಹೆಚ್ಚಿನವರ ಮನೇಲಿ ಇರೋದು ನಿಮ್ಮಂಥ ಟಿವಿನೇ, ಹಾಗಾಗಿ ನಿಮ್ಮ ಕಣ್ಣಿಗೆ ಕಂಡಿದ್ದೇ ಅವರಿಗೂ ಕಾಣುತ್ತೆ. 40 ಮೋಡ್ ನೋಡಿಲ್ಲ ಅಂತ ಒಂದು ಸಾಲು ಬರೆದುಬಿಡಿ.

ವರ್ಷನ್ ನಂಬರ್ ಮರೀಬೇಡಿ. ಗೇಮ್ ಐಕಾನ್ ಮೇಲೆ ಆಪ್ಷನ್ಸ್ ಒತ್ತಿದ್ರೆ ಇನ್ಫರ್ಮೇಷನ್‌ನಲ್ಲಿ ಸಿಗುತ್ತೆ. ಸೈಬರ್‌ಪಂಕ್ 2077ನ 2020ರ ಡಿಸೆಂಬರ್‌ನಲ್ಲಿ ಸೋನಿ ಸ್ಟೋರಿಂದಲೇ ತೆಗೆದುಹಾಕಿತ್ತು, ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. ಪಿಎಸ್5ಗೆ ಅಂತಲೇ ಮಾಡಿದ 1.5 ಪ್ಯಾಚ್ 2022ರ ಫೆಬ್ರವರಿಯದು. ಯಾವುದನ್ನ ಆಡಿದ್ದು ಅಂತ ಹೇಳದಿದ್ರೆ ಅದರ ರಿವ್ಯೂ ಯಾವ ಗೇಮ್‌ದು ಅಂತಲೇ ಗೊತ್ತಾಗಲ್ಲ.

ಚಿಂತಾಮಣಿ_ಪ್ಯಾಡ್:

ಹತ್ತು ಸೆಕೆಂಡಿನ ಕ್ಲಿಪ್ ಎಣಿಸಿದೆ. 600 ಫ್ರೇಮ್‌ನಲ್ಲಿ ಬಿದ್ದಿದ್ದು ಏಳು, ಏಳೂ ಒಂದೇ ಕಡೆ. ಬಲ ಮೂಲೆಯಲ್ಲಿ ಆಟೋಸೇವ್ ಗುರುತು ತಿರುಗೋಕೆ ಶುರುವಾದ ಜಾಗದಲ್ಲೇ.

ತುಮಕೂರು_16.7:

ಅದೇ ಚೆಕ್‌ಪಾಯಿಂಟ್ ಇನ್ನೆರಡು ಸಲ ಆಡಿ, ಕ್ಲಿಪ್ ತಗೊಂಡು ಎಣಿಸಿ. ಮೂರು ಸಲವೂ ಅಲ್ಲೇ ಬಿದ್ರೆ ಗೇಮ್‌ದೇ, ಧೈರ್ಯವಾಗಿ ಬರೀರಿ.