ಉಲ್ಕೆ, ಉಲ್ಕಾಶಿಲೆ, ಉಲ್ಕಾಪಿಂಡ: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಅಮೆರಿಕದ ಭೂವಿಜ್ಞಾನಿ ಯೂಜೀನ್ ಶೂಮೇಕರ್ (1928–1997) ಅವರನ್ನು ಕುರಿತು ಲೇಖನವೊಂದನ್ನು ಬರೆಯುತ್ತಿರುವಾಗ ಎದುರಾದ ಪ್ರಶ್ನೆಯಿದು. ಬಾನಿನಿಂದ ಬರುವ ವಸ್ತುವನ್ನು ನಮ್ಮ ಪತ್ರಿಕೆಗಳು ಉಲ್ಕೆ, ಉಲ್ಕಾಶಿಲೆ, ಉಲ್ಕಾಪಿಂಡ, ಕ್ಷುದ್ರಗ್ರಹ ಎಂದು ಮನಬಂದಂತೆ ಬದಲಿಸಿ ಬಳಸುವುದುಂಟು. ಆದರೆ ಶೂಮೇಕರ್ ಅವರ ವೃತ್ತಿಜೀವನವನ್ನು ವಿವರಿಸಹೊರಟರೆ ಈ ಸಡಿಲಿಕೆಯಿಂದ ಅರ್ಥವೇ ಕೆಡುತ್ತದೆ.

'ಉಲ್ಕೆ'ಯ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಸಂಸ್ಕೃತದಲ್ಲಿ ಅದಕ್ಕೆ ಉರಿಯುವ ಕೊಳ್ಳಿ ಎಂಬ ಅರ್ಥವಿರುವುದರಿಂದ ವಾಯುಮಂಡಲದಲ್ಲಿ ಹೊಳೆದು ಮರೆಯಾಗುವ ಬೆಳಕಿಗೇ ಆ ಪದ ಸಲ್ಲಬೇಕು. ತೊಡಕಿರುವುದು ನೆಲಕ್ಕೆ ಬಿದ್ದ ಚೂರಿನ ಹೆಸರಿನಲ್ಲಿ. ಶೂಮೇಕರ್ ಅಧ್ಯಯನ ಮಾಡಿದ ಅರಿಜೋನಾದ ಸುಮಾರು 1.2 ಕಿ.ಮೀ. ಅಗಲದ ಕುಳಿಯ ಸುತ್ತ ದೊರೆತ ತುಣುಕುಗಳು ಕಬ್ಬಿಣ ಮತ್ತು ನಿಕ್ಕಲ್‌ನವು. ಅವು ಅದೇ ಗಾತ್ರದ ಸಾಮಾನ್ಯ ಕಲ್ಲಿಗಿಂತ ಬಹಳ ಭಾರ. ಕೊಯ್ದು, ನಯಗೊಳಿಸಿ, ಆಮ್ಲ ಹಚ್ಚಿದರೆ ಒಂದನ್ನೊಂದು ಅಡ್ಡಹಾಯುವ ಲೋಹದ ಪಟ್ಟಿಗಳು ಎದ್ದು ಕಾಣುತ್ತವೆ. ಇಂಥದ್ದನ್ನು 'ಉಲ್ಕಾಶಿಲೆ' ಎನ್ನಲು ಮನಸ್ಸು ಹಿಂಜರಿಯುತ್ತದೆ. 'ಉಲ್ಕಾಪಿಂಡ'ವಾದರೆ ಕಲ್ಲಿಗೂ ಲೋಹಕ್ಕೂ ಒಪ್ಪುತ್ತದೆ, ಆದರೆ ಇನ್ನೂ ಅಂತರಿಕ್ಷದಲ್ಲಿರುವ ವಸ್ತುವಿಗೂ ಕೆಲವರು ಅದನ್ನೇ ಬಳಸುತ್ತಾರೆ.

ಆ ಕುಳಿ ಜ್ವಾಲಾಮುಖಿಯದಲ್ಲ, ಅಪ್ಪಳಿಕೆಯಿಂದಾದದ್ದು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಒದಗಿದ್ದು 1960ರಲ್ಲಿ, ಎಡ್ವರ್ಡ್ ಚಾವೊ ಮತ್ತು ಶೂಮೇಕರ್ ಅವರ ತಂಡ ಅಲ್ಲಿನ ಮರಳುಗಲ್ಲಿನಲ್ಲಿ ಅಪಾರ ಒತ್ತಡದಲ್ಲಷ್ಟೇ ರೂಪುಗೊಳ್ಳುವ ಕೋಯೆಸೈಟ್ ಖನಿಜವನ್ನು ಗುರುತಿಸಿದಾಗ. ಇಂಥ ಕುಳಿಗೆ 'ಆಘಾತ ಕುಳಿ' ಎಂಬುದು ಚೆನ್ನಾಗಿ ಹೊಂದುತ್ತದೆ. ಮಹಾರಾಷ್ಟ್ರದ ಲೋಣಾರ್ ಸರೋವರವಿರುವ ಕುಳಿಗೂ ಅದನ್ನೇ ಬಳಸಬಹುದು.

ಪದಗಳ ವ್ಯತ್ಯಾಸ ನಿಜಕ್ಕೂ ಮುಖ್ಯವಾಗುವುದು ಅವರ ಬದುಕಿನ ಕೊನೆಯ ಘಟ್ಟದಲ್ಲಿ. ಶೂಮೇಕರ್ ದಂಪತಿ ಮತ್ತು ಡೇವಿಡ್ ಲೆವಿ 1993ರಲ್ಲಿ ಕಂಡುಹಿಡಿದಿದ್ದ ಧೂಮಕೇತುವಿನ ತುಂಡುಗಳು 1994ರ ಜುಲೈನಲ್ಲಿ ಗುರುಗ್ರಹಕ್ಕೆ ಅಪ್ಪಳಿಸಿದವು. ಭೂಮಿಯ ಸಮೀಪಕ್ಕೆ ಬರುವ ಕಾಯಗಳ ಸಮೀಕ್ಷೆಯನ್ನು ಹೇಗೆ ನಡೆಸಬೇಕೆಂದು 1995ರಲ್ಲಿ ವರದಿ ಕೊಟ್ಟ ನಾಸಾದ ಕಾರ್ಯತಂಡಕ್ಕೆ ಶೂಮೇಕರ್ ಅವರೇ ಅಧ್ಯಕ್ಷರಾಗಿದ್ದರು. 1998ರಲ್ಲಿ ನಾಸಾ, ಒಂದು ಕಿ.ಮೀ.ಗಿಂತ ದೊಡ್ಡದಾದ ಅಂಥ ಕಾಯಗಳಲ್ಲಿ ಶೇ. 90ರಷ್ಟನ್ನು ಹತ್ತು ವರ್ಷಗಳಲ್ಲಿ ಪತ್ತೆಮಾಡುವ ಗುರಿಯನ್ನು ಒಪ್ಪಿಕೊಂಡಿತು. ಇದನ್ನು 'ಉಲ್ಕೆಗಳನ್ನು ಪತ್ತೆಮಾಡುವ ಯೋಜನೆ' ಎಂದು ಬರೆದರೆ ನೀತಿಯ ತಿರುಳೇ ತಪ್ಪಿಹೋಗುತ್ತದೆ. ಅವು ಉಲ್ಕೆಗಳಾಗುವುದಕ್ಕೆ ಬಹಳ ಮುಂಚೆ, ಸೂರ್ಯನನ್ನು ಸುತ್ತುತ್ತಿರುವಾಗಲೇ ಗುರುತಿಸಬೇಕೆಂಬುದು ಅದರ ಉದ್ದೇಶ. ಇಲ್ಲಿ 'ಭೂಸಮೀಪ ಕಾಯ' ಎಂಬುದೇ ಸರಿ, ಏಕೆಂದರೆ ಕ್ಷುದ್ರಗ್ರಹಗಳ ಜೊತೆಗೆ ಧೂಮಕೇತುಗಳೂ ಅದರಲ್ಲಿ ಸೇರುತ್ತವೆ.

ನೆಲಕ್ಕೆ ಬಿದ್ದ ವಸ್ತುವಿಗೆ ಮಾತ್ರ 'ಉಲ್ಕಾಪಿಂಡ'ವನ್ನು ಮೀಸಲಿಟ್ಟು, ಅದರಲ್ಲಿ ಕಲ್ಲಿನದಕ್ಕಷ್ಟೇ 'ಉಲ್ಕಾಶಿಲೆ' ಎನ್ನಬೇಕೆಂಬುದು ನನ್ನ ಒಲವು. ಕನ್ನಡದ ಪಠ್ಯಪುಸ್ತಕಗಳಲ್ಲಾಗಲಿ ಪದಕೋಶಗಳಲ್ಲಾಗಲಿ ಇದಕ್ಕೆ ವಿರುದ್ಧವಾದ ಪ್ರಯೋಗ ನೆಲೆಯೂರಿದ್ದರೆ ದಯವಿಟ್ಟು ಉದಾಹರಣೆಯೊಂದಿಗೆ ತಿಳಿಸಿ.