ಒಂದೇ ವಾರ ನೆಟ್ಟ ಬೆಳ್ಳುಳ್ಳಿ: ನನ್ನದು ಫೆಬ್ರವರಿಗೆ, ತಮ್ಮನದು ಜುಲೈಗೆ ಯಾಕೆ?

ಪ್ರಶ್ನೆ (ಬೆಂಗಳೂರಿನಿಂದ):
ಮೇಡಂ ನಮಸ್ಕಾರ. ತಾರಸಿಯಲ್ಲಿ ಎಂಟು ಕುಂಡಗಳಲ್ಲಿ ಬೆಳ್ಳುಳ್ಳಿ ಹಾಕಿದ್ದೇನೆ. ಅಕ್ಟೋಬರ್ ಮೂರನೇ ವಾರ ನೆಟ್ಟಿದ್ದು. ನಾಲ್ಕಕ್ಕೆ ಜವಾರಿ, ಇನ್ನು ನಾಲ್ಕಕ್ಕೆ ಅಂಗಡಿಯಲ್ಲಿ ಸಿಕ್ಕ ಹಿಮಾಚಲದ ದಪ್ಪ ಎಸಳಿನದು. ಈಗ ಫೆಬ್ರವರಿ ಕೊನೆ. ಜವಾರಿಯ ಎಲೆ ಹಳದಿಯಾಗಿ ಬಾಗುತ್ತಿದೆ. ಹಿಮಾಚಲದ್ದು ಮಾತ್ರ ಈರುಳ್ಳಿ ಸೊಪ್ಪಿನ ಹಾಗೆ ಹಚ್ಚಗೆ ನಿಂತಿದೆ, ಒಂದನ್ನು ಕಿತ್ತು ನೋಡಿದರೆ ಗಡ್ಡೆಯೇ ಇಲ್ಲ. ಅಮೆರಿಕದ ಮಿನೆಸೋಟಾದಲ್ಲಿರುವ ತಮ್ಮನೂ ಅದೇ ವಾರ ನೆಟ್ಟಿದ್ದ. ಅವನ ಮಡಿ ಇನ್ನೂ ಹಿಮದ ಕೆಳಗಿದೆ, ಜುಲೈಗೆ ಕೀಳೋದು ಅಂತಾನೆ. ನಾನು ಎಲ್ಲಿ ತಪ್ಪಿದೆ?

ಉತ್ತರ (ತೋಟಗಾರಿಕೆ ಸಲಹೆಗಾರ್ತಿ):
ಅಕ್ಕಾ, ನೆಟ್ಟ ಸಮಯ ಸರಿಯಾಗಿಯೇ ಇದೆ. ತಪ್ಪಿದ್ದು ತಳಿಯಲ್ಲಿ.

ಬೆಳ್ಳುಳ್ಳಿ ಮೊದಲು ತಂಪಿನಲ್ಲಿ ಬೇರು, ಎಲೆ ಬೆಳೆಸಿಕೊಳ್ಳುತ್ತದೆ. ಆಮೇಲೆ ಹಗಲು ಉದ್ದವಾಗಿ ಬಿಸಿಲು ಏರಿದಾಗ ಎಲೆಯಲ್ಲಿ ಕೂಡಿಟ್ಟಿದ್ದನ್ನು ಕೆಳಗಿಳಿಸಿ ಗಡ್ಡೆ ಕಟ್ಟುತ್ತದೆ. ಎಷ್ಟು ತಂಪು ಬೇಕು, ಹಗಲು ಎಷ್ಟು ಉದ್ದ ಇರಬೇಕು ಅನ್ನೋದು ತಳಿಯಿಂದ ತಳಿಗೆ ಬೇರೆ. ಬೆಂಗಳೂರಿನಲ್ಲಿ ಡಿಸೆಂಬರ್ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲೂ 13 ಗಂಟೆ ಮುಟ್ಟುವುದಿಲ್ಲ. ಮಿನೆಸೋಟಾದಲ್ಲಿ ಚಳಿಗಾಲದ ಹಗಲು 9 ಗಂಟೆಯೂ ಇರುವುದಿಲ್ಲ, ಜೂನ್‌ನಲ್ಲಿ 15 ಗಂಟೆ ದಾಟುತ್ತದೆ. ಜವಾರಿಗೆ ನಮ್ಮ ಸಣ್ಣ ಹಗಲು ಸಾಕು. ಹಿಮಾಚಲದ ಗುಡ್ಡಗಳಲ್ಲಿ ಬೆಳೆಯುವುದು ಉದ್ದ ಹಗಲಿಗಾಗಿ ಕಾಯುವ ಜಾತಿ. ಅಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನೆಟ್ಟು ಬೇಸಿಗೆ ಬರುವವರೆಗೂ ಬಿಡುತ್ತಾರೆ. ಅಗ್ರಿಫೌಂಡ್ ಪಾರ್ವತಿಯಂಥ ಗುಡ್ಡಗಾಡಿನ ತಳಿಗೆ 250 ದಿನಕ್ಕೂ ಜಾಸ್ತಿ ಬೇಕು. ಅದು ನಿಮ್ಮ ಕುಂಡದಲ್ಲಿ ಇನ್ನೂ ಕಾಯುತ್ತಾ ಇದೆ, ಅದು ಕಾಯುವ ಹಗಲು ಬೆಂಗಳೂರಿಗೆ ಬರುವುದೇ ಇಲ್ಲ. ಅಷ್ಟರಲ್ಲಿ ಏಪ್ರಿಲ್ ಬಿಸಿಲು ಬಂದು ಗಿಡ ಸೊರಗುತ್ತದೆ.

ಅದನ್ನು ಸೊಪ್ಪಿಗೆ ಬಳಸಿಕೊಳ್ಳಿ. ಒಗ್ಗರಣೆಗೆ, ರೊಟ್ಟಿ ಹಿಟ್ಟಿಗೆ ಬಹಳ ರುಚಿ.

ಜವಾರಿಗೆ ಇವತ್ತಿನಿಂದಲೇ ನೀರು ನಿಲ್ಲಿಸಿ. 10-15 ದಿನ ಬಿಟ್ಟು ಒಂದು ಗಡ್ಡೆ ಕಿತ್ತು ಅಡ್ಡಕ್ಕೆ ಕೊಯ್ದು ನೋಡಿ. ಎಸಳುಗಳು ಬೇರೆಬೇರೆಯಾಗಿ, ತುಂಬಿಕೊಂಡು, ಮೇಲೆ ಸಿಪ್ಪೆ ಬಿಗಿಯಾಗಿದ್ದರೆ ಎಲ್ಲವನ್ನೂ ಕೀಳಬಹುದು. ಗಿಡ ಪೂರ್ತಿ ಒಣಗಲಿ ಅಂತ ಕಾಯಬೇಡಿ. ಒಂದೊಂದು ಎಲೆಯ ಬುಡವೂ ಗಡ್ಡೆಯ ಮೇಲೆ ಒಂದು ಪದರ ಸಿಪ್ಪೆ ಆಗುತ್ತದೆ, ಎಲ್ಲ ಎಲೆ ಒಣಗಿದರೆ ಸಿಪ್ಪೆಯೂ ಕೊಳೆತು ಗಡ್ಡೆ ಮಣ್ಣಿನಲ್ಲೇ ಬಿರಿಯುತ್ತದೆ. ಹಾಗೆ ಬಿರಿದದ್ದು ಎರಡು ತಿಂಗಳೂ ಬಾಳುವುದಿಲ್ಲ.

ಪ್ರಶ್ನೆ (ರಾಣೆಬೆನ್ನೂರು ಕಡೆಯಿಂದ):
ಮೇಡಂ, ನಮ್ಮಲ್ಲಿ ಕೆಲವರು ಮುಂಗಾರಿಗೆ ಹಾಕುತ್ತಾರೆ, ಕೆಲವರು ಹಿಂಗಾರಿಗೆ. ಒಂದು ಎಕರೆ ಹಾಕಬೇಕು ಅಂತಿದೀನಿ. ಯಾವುದು ಒಳ್ಳೇದು?

ಉತ್ತರ:
ಅಣ್ಣಾ, ನಿಮ್ಮ ಕಡೆ ಎರಡೂ ನಡೆಯುತ್ತದೆ. ಹಾವೇರಿ, ಗದಗ, ಧಾರವಾಡ ಭಾಗದ ಮಳೆ ಹದವಾಗಿರುವುದರಿಂದ ಜೂನ್-ಜುಲೈನಲ್ಲಿ ಊರಿದರೂ ಬೆಳೆ ಬರುತ್ತದೆ. ಆದರೆ ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ, ಎಲೆಗೆ ನೇರಳೆ ಮಚ್ಚೆ ರೋಗ ಹತ್ತುತ್ತದೆ, ಕೀಳುವ ಹೊತ್ತಿಗೆ ಮತ್ತೆ ಮಳೆ ಹಿಡಿದರೆ ಒಣಗಿಸಲು ಜಾಗ ಇರುವುದಿಲ್ಲ. ಕಷ್ಟಪಟ್ಟು ಬೆಳೆದ ಗಡ್ಡೆ ಅಂಗಳದಲ್ಲಿ ಕಪ್ಪಾಗುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮುಂಗಾರಿಗೆ ಹಾಕುವುದಾದರೆ ಏರುಮಡಿ ಮಾಡಿಯೇ ಹಾಕಿ.

ನೀರಿನ ಅನುಕೂಲ ಇದ್ದರೆ ನನ್ನ ಓಟು ಹಿಂಗಾರಿಗೆ. ಚಿತ್ತಾ, ಸ್ವಾತಿ ಮಳೆ ಹೊತ್ತಿಗೆ, ಅಂದರೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮೊದಲ ವಾರದೊಳಗೆ ಊರಿ. ನಾಲ್ಕು-ನಾಲ್ಕೂವರೆ ತಿಂಗಳಿಗೆ ಬರುತ್ತದೆ. ಡಿಸೆಂಬರ್‌ಗೆ ತಳ್ಳಬೇಡಿ. ತಡವಾದರೆ ಗಿಡಕ್ಕೆ ನಾಲ್ಕೈದು ಎಲೆ ಬರುವಷ್ಟರಲ್ಲೇ ಬಿಸಿಲು ಏರಿ, ಇದ್ದಷ್ಟರಲ್ಲೇ ಗಡ್ಡೆ ಕಟ್ಟಿಬಿಡುತ್ತದೆ. ಗೋಲಿ ಗಾತ್ರ, ಕೆಲವು ಬರೀ ಒಂಟಿ ಎಸಳು.

ಎಕರೆಗೆ 200 ಕೆಜಿ ಆಸುಪಾಸು ಬಿತ್ತನೆ ಬೇಕು. ಗಡ್ಡೆಯ ಹೊರಸುತ್ತಿನ ದಪ್ಪ ಎಸಳು ಮಾತ್ರ ಆರಿಸಿ, ನಡುವಿನ ಸಣ್ಣವು ಅಡುಗೆ ಮನೆಗೆ ಇರಲಿ. ಚೂಪು ತುದಿ ಮೇಲಿರಬೇಕು, ಸಾಲಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10. ತಳಿ ಬದಲಿಸಬೇಕು ಅಂತಿದ್ದರೆ ಭೀಮಾ ಪರ್ಪಲ್ ನೋಡಿ, ಪುಣೆ ಹತ್ತಿರದ ರಾಜಗುರುನಗರದ ಈರುಳ್ಳಿ-ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಯದು, ಕರ್ನಾಟಕಕ್ಕೂ ಶಿಫಾರಸು ಇದೆ. ಆದರೆ ಮೊದಲ ವರ್ಷವೇ ಎಕರೆ ಪೂರ್ತಿ ಬೇಡ, ನಾಲ್ಕು ಗುಂಟೆಯಲ್ಲಿ ಹಾಕಿ ನೋಡಿ.

ಪ್ರಶ್ನೆ (ಮೆಲ್ಬರ್ನ್‌ನಿಂದ):
ಊರಲ್ಲಿ ಅಮ್ಮ ದಸರಾ ಮುಗಿದ ಮೇಲೆ ಹಾಕು ಅಂದರು. ನಾನೂ ಅಕ್ಟೋಬರ್‌ನಲ್ಲೇ ಹಾಕಿದೆ. ಬೆರಳುಗಾತ್ರದ ಒಂದೊಂದೇ ಉಂಡೆ ಆಗಿದೆ ಮೇಡಂ.

ಉತ್ತರ:
ಅಮ್ಮ ಹೇಳಿದ್ದು ಊರಿಗೆ ಸರಿ. ನಿಮ್ಮಲ್ಲಿ ಅಕ್ಟೋಬರ್ ಅಂದರೆ ಚಳಿ ಮುಗಿದು ಬಿಸಿಲು ಶುರು, ಬೆಳ್ಳುಳ್ಳಿಗೆ ತಂಪು ಸಿಗಲೇ ಇಲ್ಲ. ಅಲ್ಲಿ ಮಾರ್ಚ್‌ನಿಂದ ಮೇ ಒಳಗೆ ನೆಟ್ಟು ನವೆಂಬರ್-ಡಿಸೆಂಬರ್‌ನಲ್ಲಿ ಕೀಳಬೇಕು, ಯುಗಾದಿ ಹಬ್ಬವನ್ನು ಗುರುತಾಗಿ ಇಟ್ಟುಕೊಳ್ಳಿ. ಆ ಉಂಡೆಗಳನ್ನು ಎಸೆಯಬೇಡಿ. ಒಣಗಿಸಿಟ್ಟು ಮುಂದಿನ ಮಾರ್ಚ್-ಏಪ್ರಿಲ್‌ನಲ್ಲಿ ಅವನ್ನೇ ನೆಡಿ, ಚಳಿ ಸಿಕ್ಕಿದರೆ ಎಸಳು ಒಡೆದು ಪೂರ್ತಿ ಗಡ್ಡೆ ಆಗುತ್ತದೆ.

ಪ್ರಶ್ನೆ (ಉಡುಪಿಯಿಂದ):
ನಮ್ಮಲ್ಲಿ ಆಗುತ್ತದಾ?

ಉತ್ತರ:
ಸೊಪ್ಪಿಗೆ ಆಗುತ್ತದೆ. ಗಡ್ಡೆಗೆ ನಿಮ್ಮ ರಾತ್ರಿಯ ಸೆಕೆ ಬಿಡುವುದಿಲ್ಲ. ಆಸೆ ಇದ್ದರೆ ನವೆಂಬರ್ ಮೊದಲ ವಾರ, ಮಳೆ ಪೂರ್ತಿ ಬಿಟ್ಟ ಮೇಲೆ, ಎರಡು ಕುಂಡದಲ್ಲಿ ಜವಾರಿ ಹಾಕಿ ನೋಡಿ.

ಮೊದಲ ಪ್ರಶ್ನೆ ಕೇಳಿದವರು:
ಮೇಡಂ, ಹಿಮಾಚಲದ್ದನ್ನು ಮುಂದಿನ ಸಲ ಫ್ರಿಜ್‌ನಲ್ಲಿ ಇಟ್ಟು ನೆಟ್ಟರೆ? ಮತ್ತೆ ತಮ್ಮ ಕೇಳ್ತಿದಾನೆ, ಹಿಮದಲ್ಲಿ ಸಾಯಲ್ವಾ ಅಂತ. ಅವನಿಗೆ ಇದು ಮೊದಲ ವರ್ಷ.

ಉತ್ತರ:
ಆರೆಂಟು ವಾರ ಫ್ರಿಜ್‌ನಲ್ಲಿಟ್ಟರೆ ತಂಪಿನ ಕೊರತೆ ತುಂಬಬಹುದು, ಹಗಲಿನ ಕೊರತೆ ಪೂರ್ತಿ ತುಂಬುವುದಿಲ್ಲ. ಆ ಕುಂಡಕ್ಕೂ ಜವಾರಿಯನ್ನೇ ಹಾಕಿ ಅಕ್ಕಾ.

ತಮ್ಮನಿಗೆ ಹೇಳಿ, ಸಾಯುವುದಿಲ್ಲ. ಅಲ್ಲಿ ಅಕ್ಟೋಬರ್‌ನಲ್ಲಿ ನೆಡುವುದೇ ಮಣ್ಣು ಹೆಪ್ಪುಗಟ್ಟುವ ಮೊದಲು ಬೇರು ಇಳಿಯಲಿ ಅಂತ. ಮೇಲೆ ಒಂದು ಗೇಣಿನಷ್ಟಲ್ಲದಿದ್ದರೂ ನಾಲ್ಕೈದು ಇಂಚು ಒಣ ಹುಲ್ಲು ಹೊದಿಸಿದ್ದರೆ ಸಾಕು, ಹಿಮವೂ ಒಂದು ಹೊದಿಕೆಯೇ. ವಸಂತದಲ್ಲಿ ಚಿಗುರುತ್ತದೆ. ಅವನು ನೆಟ್ಟಿದ್ದು ನಡುವೆ ಗಟ್ಟಿ ದಂಟು ಬರುವ ಜಾತಿಯಾಗಿದ್ದರೆ ಜೂನ್‌ನಲ್ಲಿ ಸುರುಳಿ ಸುತ್ತಿದ ಹೂದಂಟು ಕಾಣುತ್ತದೆ. ಅದನ್ನು ಮುರಿದು ಪಲ್ಯ ಮಾಡಲಿ, ಬಿಟ್ಟರೆ ಗಡ್ಡೆ ಸಣ್ಣದಾಗುತ್ತದೆ. ಆ ಜಾತಿಯ ಗಿಡ ನಿಮ್ಮ ಜವಾರಿಯ ಹಾಗೆ ಬಾಗಿ ಬೀಳುವುದಿಲ್ಲ, ಅದಕ್ಕೆ ಕಾಯುತ್ತಾ ಕೂತರೆ ಕೆಡುತ್ತದೆ. ಕೆಳಗಿನ ಮೂರ್ನಾಲ್ಕು ಎಲೆ ಒಣಗಿ, ಮೇಲೆ ಐದಾರು ಹಸಿರಿರುವಾಗ ಕೀಳಬೇಕು. ನೆರಳಿನಲ್ಲಿ, ಗಾಳಿ ಆಡುವ ಕಡೆ ಎರಡು-ಮೂರು ವಾರ ನೇತು ಹಾಕಲಿ, ತೊಳೆಯುವುದು ಬೇಡ.