ಸಹಾಯ ಬೇಕು: ಮಕ್ಕಳ ಜೊತೆ ಒಂದು ದಿನಕ್ಕೆ ಯಾವ ಬೀಚ್ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ನಾವು ಮಡಿಕೇರಿಯವರು. ಮಳೆ, ಮಂಜು, ತೋಟ ನೋಡಿ ಬೆಳೆದ ನಮ್ಮ ಮಕ್ಕಳು ಇನ್ನೂ ಸಮುದ್ರ ನೋಡಿಲ್ಲ. ಮಗಳಿಗೆ 8, ಮಗನಿಗೆ 4. ಮಂಡಿನೋವಿರುವ ಅತ್ತೆಯೂ ಬರುತ್ತಾರೆ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಸಂಪಾಜೆ ಘಾಟಿ ಇಳಿದು, ರಾತ್ರಿಯೊಳಗೆ ಮನೆ ಸೇರಬೇಕು.

ಮಂಗಳೂರಿನ ತಣ್ಣೀರುಬಾವಿ ಬೀಚ್ ಬಳಿ ಟ್ರೀ ಪಾರ್ಕ್ ಇದೆ, ನೆರಳಿಗೆ ಒಳ್ಳೆಯದು ಅಂತ ನನ್ನ ಮನಸ್ಸು ಆ ಕಡೆಗೇ ಇದೆ. ಪಡುಬಿದ್ರಿ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ. ಅಂದರೆ ಶೌಚಾಲಯ, ಜೀವರಕ್ಷಕರು ಇರಲೇಬೇಕು ಅಲ್ವಾ? ಆದರೆ ಮಂಗಳೂರು ದಾಟಿ ಇನ್ನೂ ಮುಂದೆ ಹೋಗಬೇಕು. ಸೋಮೇಶ್ವರ ಬೇಡ, ಬಂಡೆಗಳಿರುವ ಕಡೆ ಮಗನನ್ನು ಬಿಡಲು ನನಗೆ ಭಯ.

ಪುಟ್ಟ ಮಕ್ಕಳ ಜೊತೆ ಹೋಗಿಬಂದವರು ದಯವಿಟ್ಟು ಹೇಳಿ. ಮರಳಲ್ಲಿ ಜಾಸ್ತಿ ನಡೆಯದೆ ಅತ್ತೆ ಕೂತು ಕಡಲು ನೋಡುವಂಥ ಜಾಗ ಎಲ್ಲಿದೆ?